ಅರ್ಕಾವೊತ್ತು

ಹದಿನೆಂಟು ದಿನ. ಲೆಕ್ಕ ಇಟ್ಟಿದ್ದೇನೆ,
ಬಿಲ್ಲಿನ್ನೂ ಗಲ್ಲಾಪೆಟ್ಟಿಗೆಯ ಮೇಲೇ ಇದೆ, ಮಡಿಕೆ ಕೂಡ ಬಿದ್ದಿಲ್ಲ.
ಇವತ್ತು ದುರ್ಗಿಗುಡಿಯ ನನ್ನ ಡಿಟಿಪಿ ಅಂಗಡಿಯಲ್ಲಿ
ಪರದೆಯ ಮೂಲೆಗೊಂದು ಹಸಿರು ಪಟ್ಟಿ:
ಏಳನೇ ಆವೃತ್ತಿ ಬಂದಿದೆ. ಮೂರು ಸಾವಿರದ ಇನ್ನೂರು ಮಾತ್ರ.

ಆ ‘ಮಾತ್ರ’ ನೋಡಿ.

ನಾನು ಕೊಂಡದ್ದು ಆರು.
ಆರರಲ್ಲಿ ಅರ್ಕಾವೊತ್ತು ನಿಲ್ಲುವುದಿಲ್ಲ,
ಪ್ರಿಂಟಿಗೆ ಕೊಟ್ಟರೆ ಉದುರಿಹೋಗುತ್ತದೆ.
ಫೋನು ಮಾಡಿದರೆ ಹೆಣ್ಣುದನಿ: ಕನ್ನಡಕ್ಕಾಗಿ ಎರಡು ಒತ್ತಿ.
ಒತ್ತಿದೆ. ಒತ್ತೇ ಇಲ್ಲ ತಾಯಿ, ಅಂದೆ.
“ಏಳರಲ್ಲಿ ಸರಿಮಾಡಿದ್ದೇವೆ ಸರ್.”
ಹಾಗಾದರೆ ಆರರ ತಪ್ಪು ಗೊತ್ತಿದ್ದೇ ಮಾರಿದಿರಾ?
ಸಂಗೀತ ಹಾಕಿದರು.

ಕುಂಸಿಯ ರುದ್ರಮುನಿ ಕರಡು ನೋಡಲು ಬಂದ,
ತಂಗಿಯ ಮಗಳ ಮದುವೆ, ಮುನ್ನೂರು ಕಾರ್ಡು.
ಕನ್ನಡಕ ಏರಿಸಿ ಓದಿದ:
“ಚಿ. ಸೌ. ಪಾವತಿ...
ಎಂತದು ಮಾರಾಯಾ ಇದು, ಹುಡುಗಿಯೋ ರಸೀದಿಯೋ?”

ನಗಬೇಕಿತ್ತು. ನಗು ಬರಲಿಲ್ಲ.
ಪಾವತಿ ಎಂಬುದೊಂದು ಎಷ್ಟು ಚೆನ್ನಾಗಿ ಮೂಡುತ್ತದೆ ಆರರಲ್ಲಿ!

ಆತ ಎದುರು ಹೋಟೆಲಿಗೆ ಕಾಫಿಗೆ ಹೋದಾಗ
ಅಪ್ಪ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ
ಕಳ್ಳದಾರಿಯೊಂದು ನೆನಪಾಯಿತು.
ಕನ್ನಡದ ಒಂಬತ್ತನ್ನು ಎಳೆದು ತಂದು
‘ವ’ ಪಕ್ಕ ಕೂರಿಸಿದೆ, ತುಸು ಕುಗ್ಗಿಸಿ:
ಪಾವ೯ತಿ.

ರುದ್ರಮುನಿ ಓದಿದ, ತಲೆಯಾಡಿಸಿದ, ಮುಂಗಡ ಎಣಿಸಿದ.
ಏಳು ಹಾಗೇ ಹಸಿರಾಗಿ ಮಿನುಗುತ್ತಿತ್ತು.
ಮಿನುಗಲಿ.
ಮುಹೂರ್ತಕ್ಕೆ ಒಂದು, ಆಶೀರ್ವಾದಕ್ಕೆ ಒಂದು...
ಒಂಬತ್ತುಗಳನ್ನು ಎಣಿಸುತ್ತ ಕೂತೆ,
ಬೀದಿದೀಪ ಹತ್ತುವ ತನಕ.