ಒಳಗಿನ ಎರಡು ಬೆರಳು

ಹೆಸರೇನವಾ ಅಂದೆ. ಚಿಕೊಂಡಿ ಅಂದ್ಲು.
ಚಿಕ್ಕೋಡಿ ಅಂತ ಕೇಳಿಸ್ತು ನನಗ.
ಬಸ್ಸು ಎಷ್ಟೊತ್ತಿಗೆ ಬಂತು ಅಂತ ಕೇಳೇಬಿಟ್ಟೆ.
ಬಸ್ಸಲ್ಲ, ಮೂರು ಇಮಾನ ಅಂದ್ಲು, ಬೆರಳು ಎಣಿಸಿ.

ಮಲಾವಿ ಅಂತ ದೇಶ. ಫಿಜಿಯೋಥೆರಪಿ ಓದಾಕ ಬೆಳಗಾವಿಗೆ ಬಂದಾಕಿ.
ಎರಡು ವರ್ಷದಾಗ ನಮ್ಮ ಮಾತು ಅಷ್ಟಿಷ್ಟು ಕಲತಿದ್ಲು,
ಅದರಾಗ ಅರ್ಧ ಮರಾಠಿ ಐತಿ ಅನ್ನೂದು ಆಕಿಗೆ ಗೊತ್ತಿರಲಿಲ್ಲ.

ವಡಗಾವಿಯ ನನ್ನ ಅಂಗಡಿ ಕಟ್ಟಿ ಮ್ಯಾಲ
ಅಕ್ಕಿ ಚೀಲ ಬೋರಲು ಹಾಕಿದ್ಲು:
ಹದಿನಾಲ್ಕು ಅಂಗಿ.
ಸ್ಪಾನ್ಸರ್ ಬದಲಾದ ಗಂಡಸರ ಟೀಮು ಬಿಟ್ಟದ್ದು.
ಬಣ್ಣ ಮಾತ್ರ ಹೊಸಾ ಕುಂಕುಮ.
ಬೆನ್ನ ಮ್ಯಾಲ ಎಂಟು ಎರಡಿದ್ವು, ಏಳು ಇರಲಿಲ್ಲ.

ಹಿಂದ ಹುಡಿಗ್ಯಾರು, ಚಪ್ಪಲ ಹೊರಗ ಬಿಟ್ಟು ಸಾಲಾಗಿ.
ಪ್ರಾಜಕ್ತಾ, ಮುಬೀನಾ, ಖಾಸಬಾಗದ ಅವಳಿ-ಜವಳಿ, ಜೆಸಿಂತಾ,
ಗೋಲಿಗೆ ನಿಲ್ಲೂ ಕಾಳವ್ವ. ಅಂಗಿ ತೊಟ್ರ ಮೊಳಕಾಲು ಮುಚ್ಚತಿತ್ತು.
ಲಂಗಾ ಬ್ಯಾರೆ ಬೇಕಾಗಿಲ್ಲ ಬಿಡ್ರಿ ಅಂದೆ. ಯಾರೂ ನಗಲಿಲ್ಲ.
ಟೇಪು ಎದಿಗೆ ಸುತ್ತಿದಾಗ ಉಸಿರು ಬಿಗಿ ಹಿಡದ್ರು,
ಪೋಟೋ ತಗಸೂ ಹಂಗ.
ಬಿಡ್ರೆವಾ ಉಸಿರು. ಹಿಂಗ ಹಿಡಕೊಂಡು ಓಡತೀರೇನು?

ಕತ್ತರಿ ತಗೊಂಡೆ.
ಚಿಕೊಂಡಿ ಕೈ ಹಿಡದ್ಲು.
ಕತ್ತರಸಬ್ಯಾಡ. ಒಳಗ ಮಡಚು.

ಆಮ್ಯಾಲ ಹೇಳಿದ್ಲು, ಚಿಕ್ಕವ್ವನ ಮಾತು.
ಅವರ ದೇಶದಾಗ ದೊಡ್ಡ ಕೆರಿ, ಆಚಿ ದಂಡಿ ಕಾಣೂದಿಲ್ಲಂತ.
ಈಚಿ ದಂಡಿಗೆ ಬೆರಳುದ್ದ ಮೀನ ಒಣಗಸತಿದ್ದ ಚಿಕ್ಕವ್ವ
ಒಂದಿನ ದೇಶದ ಪರವಾಗಿ ಗೋಲಿಗೆ ನಿಂತ್ಲಂತ.
ಆವತ್ತೂ ಅಂಗಿ ಗಂಡಸರದ.
ತೋಳು ಮಡಚಿ ಪಿನ್ನು ಚುಚ್ಚಿದ್ರು.
ಹಾರಿದಾಗ ಪಿನ್ನು ಕಳಚಿ, ತೋಳು ಇಳದು ಬೆರಳ ಮುಚ್ಚತು.
ಒಂದು ರಾತ್ರಿ ಒಂದು ಹಗಲು ಬಸ್ಸು, ಗಡಿಯಾಗ ಸಾಲು,
ಇಳದ ಮೂರು ತಾಸಿಗೆ ಆಟ.

ಎಷ್ಟಕ್ಕ ಸೋತ್ರು ಅಂದೆ.
ತನ್ನ ಎರಡೂ ಕೈ ಬೆರಳು ಬಿಡಿಸಿ ತೋರಿಸಿದ್ಲು,
ಸಾಲಲಿಲ್ಲ,
ನನ್ನದೊಂದು ಕೈ ಸಾಲಾ ತಗೊಂಡ್ಲು.

ಮತ್ತ?
ಮತ್ತ ನಾಕು ವರ್ಷ ಆಟನ ಇಲ್ಲ, ರೊಕ್ಕಿಲ್ಲ ಅಂತ.
ಚಿಕ್ಕವ್ವ ಮೀನ ಒಣಗಸಿದ್ಲು.
ಮತ್ತ ಕರದ್ರು. ಒಂಬತ್ತಕ್ಕ ಸೋತ್ರು. ಮತ್ತ ಐದಕ್ಕ.
ಒಂದಕ್ಕ ಸೋತು ಬಂದಾಗ
ಸಂತಿಯಾಗಿನ ಹೆಂಗಸರು ಬುಟ್ಟಿ ಇಳಿಸಿ ಎದ್ದು ನಿಂತ್ರಂತ.
ಗೆದ್ದದ್ದು ಯಾವಾಗ ಅಂದ್ರ ಚಿಕ್ಕವ್ವಗ ನೆನಪಿಲ್ಲ.
ಆ ಒಂದು ನೆನಪೈತಿ.

ನನಗ ಹೊಲಿಗಿ ಮಾತು ತಿಳಿತೈತಿ.
ದೊಗಳೆ ಸೋಲನ್ನ ಬಗಲ ಹಿಡದು ಹಿಡದು
ಮೈಗೆ ಕೂಡ್ರೂ ಹಂಗ ಮಾಡ್ಯಾರ ಅವರು.

ಮಡಚಿದೆ. ಎರಡೂ ಬಗಲಿಗೆ ಎರಡೆರಡು ಬೆರಳು,
ಕೆಳಗ ಒಂದು ಗೇಣು.
ಕರೆಂಟು ಹೋಗಿ ಓಣಿಯ ಮಗ್ಗೆಲ್ಲಾ ಸುಮ್ಮನಾದಾಗ
ನನ್ನ ಕಾಲಮಿಷಿನ್ನೊಂದ ಮಾತಾಡತಿತ್ತು.
ಇಲ್ಲದ ಏಳನ್ನ ನನ್ನ ಹಳೇ ಕುಪ್ಪಸದಾಗ ಕತ್ತರಿಸಿ ಹಚ್ಚಿದೆ.
ರೊಕ್ಕ ಎಷ್ಟು ಅಂದ್ಲು.
ಐತವಾರ ಧಾರವಾಡದವರ ಕೂಡ ಆಟ ಐತೆಲ್ಲ,
ಅವರಿಗೆ ಒಂದು ಗೋಲು ಹೊಡದಾಗ ಕೊಡ್ರಿ ಅಂದೆ.

ಏಳಕ್ಕ ಸೋತ್ರು.
ನಾನೂ ಹೋಗಿದ್ದೆ. ಚೆಂಡು ನೋಡಲಿಲ್ಲ, ಖರೇ ಹೇಳತೇನಿ,
ಕಾಳವ್ವ ಹಾರಿದಾಗೆಲ್ಲಾ ಬಗಲ ಹೊಲಿಗಿ ನೋಡಿದೆ.
ಒಂದೂ ಬಿಚ್ಚಲಿಲ್ಲ.

ಓದು ಮುಗಿಸಿ ಹೋದ್ಲು ಚಿಕೊಂಡಿ, ಹೋದ ಯುಗಾದಿ ಮುಂದ.
ಹೋಗೂವಾಗ ಹೆಸರಿನ ಅರ್ಥ ಹೇಳಿದ್ಲು,
ಅವರ ಮಾತಿನ್ಯಾಗ ಪ್ರೀತಿ ಅಂತ.
ನಾನು ಇಷ್ಟು ದಿನ ಕೊಂಡಿ ಅಂತನ ತಿಳದಿದ್ದೆ,
ಕುಪ್ಪಸದ್ದು, ಕಾಣಧಂಗ ಹಿಡದಿರತೈತಲ್ಲ, ಅದು.
ಆಕಿಗೆ ಹೇಳಲಿಲ್ಲ.

ನಿನ್ನಿ ಮುಬೀನಾ ಬಂದ್ಲು.
ಅಂಗಿ ಬಿಗಿ ಆತು ಸಾವಂತ್ರಕ್ಕ.
ಎಷ್ಟಕ್ಕ ಸೋತ್ರಿ?
ಮೂರಕ್ಕ. ಒಂದು ಹೊಡದೇವಿ.
ಅಂದು, ಎಲ್ಲಾರೂ ಕೂಡಿಸಿದ ಚಿಲ್ಲರೆ ಮಿಷಿನ್ ಮ್ಯಾಲ ಸುರುವಿದ್ಲು.
ಎಣಿಸಿ ತಗೊಂಡೆ. ಬಿಡೂ ರೊಕ್ಕ ಅಲ್ಲ ಅದು.

ಬ್ಲೇಡಿನಿಂದ ಹೊಲಿಗಿ ಒಂದೊಂದ ಬಿಚ್ಚಿ ಕೊಡವಿದೆ.
ಹೊರಗೆಲ್ಲಾ ಬಿಸಿಲು ತಿಂದ ಇಟ್ಟಂಗಿ ಬಣ್ಣ,
ಬಗಲಿಗೆ ಎರಡು ಬೆರಳಗಲ
ಆವತ್ತಿನ ಕುಂಕುಮ, ಹಂಗ ಐತಿ.
ಎರಡು ಬಣ್ಣ ಆತಲ್ಲ ಅಕ್ಕಾ ಅಂದ್ಲು.
ಇರಲಿ. ಕೈ ಎತ್ತು ಅಂದೆ.
ಟೇಪು ಸುತ್ತಿದೆ.
ಉಸಿರು ಹಿಡದಿರಲಿಲ್ಲ ಆಕಿ.