ಸೈಕಲ್ ಚೈನು

ಛಾಂಗ್‌ಚುನ್ ಊರಿನ ಚಳಿಗೆ ಉಗುಳು ನೆಲ ಮುಟ್ಟುವ ಮೊದಲೇ
ಕಲ್ಲಾಗುತ್ತದೆ ಅನ್ನುತ್ತಿದ್ದರು. ಸುಳ್ಳು.
ಮುಟ್ಟಿದ ಮೇಲೆಯೇ ಆಗುವುದು, ನಾನು ನೋಡಿದ್ದೇನೆ.
ಎಂಟು ವರ್ಷ ನನಗೆ. ಸೈಕಲ್ಲಿನ ಕ್ಯಾರಿಯರ್ ಮೇಲೆ
ಕೂತವರಿಗೆ ನೆಲ ನೋಡುವುದೇ ಕೆಲಸ.

ಅಪ್ಪ ಲಾರಿ ಕಾರ್ಖಾನೆಯ ಲೇತ್ ಮೇಸ್ತ್ರಿ, ತೋಂಗ್ ದೆಹೌ.
ತಿಂಗಳಿಗೆ ಅರವತ್ತೆರಡು ಯುವಾನ್,
ಅದರಲ್ಲಿ ಎರಡು ನನ್ನ ಹೆಸರಿಗೆ, ಅಂಚೆ ಕಚೇರಿಗೆ.
ಸಂತೆಬೀದಿಯ ತಿರುವಿನಲ್ಲಿ ಚೈನು ಕಳಚಿತು.
ಅಪ್ಪ ಇಳಿದ, ಕುಕ್ಕರಗಾಲಿನಲ್ಲಿ ಕೂತ,
ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದ.
ಎದುರಿಗೆ ಒಬ್ಬ ಮುದುಕ, ಅವನ ಮಡಿಲಲ್ಲಿ ರಜಾಯಿ,
ರಜಾಯಿಯೊಳಗೆ ಕೂಸಿನ ಹಾಗೆ ಸುತ್ತಿಟ್ಟ ಒಂದು ಕುಂಡ.
ಅಪ್ಪ ಅದನ್ನು ನೋಡಲಿಲ್ಲ.
ಆಣೆ ಮಾಡಿ ಹೇಳುತ್ತೇನೆ, ನೋಡಲೇ ಇಲ್ಲ.

ಆದರೆ ಬಗ್ಗಿದ ಬೆನ್ನಿಗೆ ಬಾಯಿಲ್ಲ.
ದಾರಿಹೋಕನೊಬ್ಬ ನಿಂತ: ಇಷ್ಟು ಹೊತ್ತು ಏನು ನೋಡುತ್ತಾನೆ ಇವನು?
ಅವನನ್ನು ಕಂಡು ಒಬ್ಬಳು, ಕೋಸಿನ ಚೀಲ ಕೆಳಗಿಟ್ಟು.
ಮೂರನೆಯವನು ಬೆಲೆ ಕೇಳಿದ.
ಮುದುಕ ಮೂವರನ್ನೂ ಎಣಿಸಿ, ಆಮೇಲೆ ಹೇಳಿದ.
ಅಪ್ಪ ಗ್ರೀಸು ಒರೆಸಿಕೊಂಡು ತಲೆ ಎತ್ತಿದಾಗ
ಸುತ್ತ ಏಳು ಜನ, ಏಳು ಬಾಯಿಂದ ಹಬೆ,
ಹಬೆಯ ನಡುವೆ ಕುಂಡ.
ಏಳು ಮಂದಿ ಸುಮ್ಮನೆ ನಿಲ್ಲುತ್ತಾರೆಯೇ ಈ ಚಳಿಯಲ್ಲಿ?
ಅಪ್ಪ ಎಂಟನೆಯವನಾದ.

ಆ ಗಿಡದ ಹೆಸರಿನಲ್ಲೇ ಒಬ್ಬ ಸಜ್ಜನ ಇದ್ದಾನೆ: ಜುನ್‌ಜಿಲಾನ್.
ಬೆಲೆ ಹೂವಿಗಲ್ಲ, ಎಲೆಗೆ. ಗಿಡ್ಡಗಿರಬೇಕು, ಅಗಲವಿರಬೇಕು,
ಬೀಸಣಿಗೆಯಂತೆ ಒಂದರ ಮೇಲೊಂದು ಕೂತಿರಬೇಕು,
ನರ ಎದ್ದು ಕಾಣಬೇಕು, ಮುದಿ ಕೈಯಲ್ಲಿ ಕಾಣುವ ಹಾಗೆ.
ಇದೆಲ್ಲ ಅಪ್ಪನಿಗೆ ಪಕ್ಕದ ಮನೆಯ ಲುವಾನ್ ಅತ್ತೆ ಹೇಳಿದ್ದು.
ಅತ್ತೆಗೆ ಹಲ್ಲಿನ ಡಾಕ್ಟರು. ಡಾಕ್ಟರಿಗೆ ಅವರ ಷಡ್ಡಕ.
ಷಡ್ಡಕನಿಗೆ, ಲಾರಿ ಕಾರ್ಖಾನೆಯ ಯಾರೋ ಲೇತ್ ಮೇಸ್ತ್ರಿ.

ಕೊಂಡದ್ದು ಎರಡು ತಿಂಗಳ ಸಂಬಳಕ್ಕೆ.
ಹೊಸ ವರ್ಷದ ಹೊತ್ತಿಗೆ ಅದೇ ಗಿಡಕ್ಕೆ
ಒಂದು ವರ್ಷದ ಸಂಬಳ ಎಣಿಸಲು ಬಂದರು.
ಈಗ ಮಾರುವವನು ಪೆದ್ದ ಎಂದಿತು ಮೆಟ್ಟಿಲಿಗೆ ಮೆಟ್ಟಿಲೇ.
ಅಮ್ಮನ ಹೊಲಿಗೆ ಯಂತ್ರ ಹೋಯಿತು, ಇನ್ನೊಂದು ಗಿಡ ಬಂತು.
ಹೀಟರಿನ ಪಕ್ಕ ಕುಂಡಗಳಿಗೆ ಜಾಗ,
ನನ್ನ ಹಾಸಿಗೆ ಕಿಟಕಿಯ ಬದಿಗೆ.
ರಾತ್ರಿ ಅಪ್ಪ ಎದ್ದು ಎಲೆ ಎಣಿಸುತ್ತಿದ್ದ,
ಎಷ್ಟು ಸಲ ಎದ್ದ ಎಂದು ನಾನು ಎಣಿಸುತ್ತಿದ್ದೆ.
ಅಮ್ಮ ಒಮ್ಮೆ ಕೇಳಿದಳು: ಎಲ್ಲರೂ ಮಾರುವುದಕ್ಕೇ ಕೊಂಡರೆ
ಕೊನೆಗೆ ಇದಕ್ಕೆ ನೀರು ಹಾಕುವವರು ಯಾರು?
ಊರಿಗೆ ಊರೇ ಹುಚ್ಚಾಗಿದೆ ಅನ್ನುತ್ತೀಯಾ, ಎಂದು ಅಪ್ಪ ನಕ್ಕ.
ಅಮ್ಮ ಹಿಟ್ಟು ನಾದುತ್ತಿದ್ದಳು. ನಾದಿದಳು.

ಬೇಸಿಗೆಯಲ್ಲಿ ಪತ್ರಿಕೆಯಲ್ಲಿ ಏನೋ ಬಂತಂತೆ.
ಓದಿದವರು ಕಡಿಮೆ,
ಓದಿದವರ ಮುಖ ಓದಿದವರು ಹೆಚ್ಚು.
ಲುವಾನ್ ಅತ್ತೆ ಆರು ಕುಂಡ ತಳ್ಳುಗಾಡಿಗೇರಿಸಿ ಹೊರಟಳು.
ತಂಗಿಯ ಮನೆಯಲ್ಲಿ ನೆರಳು ಚೆನ್ನಾಗಿದೆ, ಅದಕ್ಕೆ,
ಎಂದು ಅವಳೇ ಆಮೇಲೆ ಹೇಳಿದ್ದು. ನನಗೆ ಗೊತ್ತಿಲ್ಲ,
ಅವತ್ತು ನಾನು ಶಾಲೆಯಲ್ಲಿದ್ದೆ.
ಮೂರನೇ ಮಹಡಿಯ ಪರದೆ ಸರಿಯಿತಂತೆ.
ನಾನು ಮನೆಗೆ ಬರುವಷ್ಟರಲ್ಲಿ ಬೀದಿ ದಾಟಲು ಜಾಗವಿರಲಿಲ್ಲ.
ಒಂದು ಸಂಬಳಕ್ಕೆ ಕೊಡುತ್ತೇನೆಂದರು, ಒಂದು ಊಟಕ್ಕೆ ಎಂದರು.
ವಾರ ಕಳೆದ ಮೇಲೆ ಒಬ್ಬಳು ಬಂದಳು:
ಗಿಡ ಬೇಡ, ಕುಂಡ ಇದ್ದರೆ ಕೊಡಿ, ಉಪ್ಪಿನಕಾಯಿಗೆ.

ಅಪ್ಪ ಲುವಾನ್ ಅತ್ತೆಯ ಜೊತೆ ಮಾತು ಬಿಟ್ಟ.
ಮೂವತ್ತು ವರ್ಷ ಒಂದೇ ಪ್ರಶ್ನೆ: ಮೊದಲು ನಿಂತವನು ಯಾರು?
ಯಾರೋ ಒಬ್ಬ ಇರಲೇಬೇಕಲ್ಲ,
ತಿಳಿದೇ ನಿಂತವನು, ನಮ್ಮನ್ನೆಲ್ಲ ನಿಲ್ಲಿಸಿದವನು.
ಆಸ್ಪತ್ರೆಯಲ್ಲೂ ಕೇಳಿದ, ಮೂಗಿಗೆ ನಳಿಕೆ ಇಟ್ಟುಕೊಂಡು.
ನಾನು ಕಿತ್ತಳೆ ಸುಲಿಯುತ್ತಿದ್ದೆ.
ಕ್ಯಾರಿಯರ್ ಮೇಲೆ ಬೇಸರವಾಗಿ
ತಿರುಗುವ ಚೈನಿಗೆ ಬೂಟಿನ ತುದಿ ತಾಗಿಸಿ
ಟಿಕ್ ಟಿಕ್ ಅನ್ನಿಸುತ್ತಿದ್ದೆ ಆ ದಿನ.
ಹೇಳಬೇಕೆಂದು ಬಾಯಿ ತೆರೆದೆ.
ಹಣ್ಣು ಕೈಗಿಟ್ಟೆ.
ಅವನು ತೊಳೆ ಬಿಡಿಸಿ ಹೊದಿಕೆಯ ಮೇಲೆ ಸಾಲಾಗಿಟ್ಟು
ಎಣಿಸತೊಡಗಿದ.