ಅಳತೆ ಪುಸ್ತಕದಲ್ಲಿ ಒಂದು ತಂಡ

ಯಾರೋ ಇಬ್ಬರು ಬಂದಿದ್ದರು, ತಂಡದ ಚರಿತ್ರೆ ಬರೀತಾರಂತೆ.
ಯಾವ ವರ್ಷ ಯಾವ ಕಪ್ಪು, ಯಾರು ನಾಯಕ, ಕೇಳಿದರು.
ಕಪ್ಪು ನನ್ನ ಹತ್ತಿರ ಇಲ್ಲ ಸ್ವಾಮಿ,
ಎದೆ ಇದೆ, ಭುಜ ಇದೆ, ಸೊಂಟ ಇದೆ,
ಮೂವತ್ತೊಂದು ವರ್ಷದ್ದು, ಇಂಚಿನಲ್ಲಿ.

ಮೊದಲ ಪುಟದಲ್ಲಿ ಏಳು ಹುಡುಗರು.
ಶಿಡ್ಲಘಟ್ಟದ ಫಿಲೇಚರಿನಲ್ಲಿ ನೂಲು ಬಿಚ್ಚುವವರು,
ಬಿಸಿನೀರಲ್ಲಿ ಗೂಡು ತಡಕಿ ತಡಕಿ
ಬೆರಳ ತುದಿ ಬೆಳ್ಳಗೆ ಬೆಂದವರು.
ಟೇಪು ಹಿಡಿದರೆ ಅಂಗಡಿಯೆಲ್ಲ ಸತ್ತ ಹುಳದ ವಾಸನೆ.
ಯಜಮಾನ ಗೌಸ್ ಪೀರ್ ಸಾಬರು ಮುಂಗಡ ಇಟ್ಟು
"ಮಣ್ಣು ಕಾಣದ ಬಣ್ಣ ನೋಡಿ ಮಾಸ್ಟರೇ" ಅಂದರು.
ಮಣ್ಣಿನ ಬಣ್ಣವನ್ನೇ ಆರಿಸಿದೆ.
ಬೆನ್ನಿಗೆ ಒಂದರಿಂದ ಏಳು.
ಬ್ಯಾಟಪ್ಪ ಮಾತ್ರ ಮೂರು ಒಲ್ಲೆ ಅಂದ, ಮೂರಕ್ಕೆ ಮುಕ್ತಾಯವಂತೆ.
ಪಕ್ಕದಲ್ಲಿ ಒಂದು ಗೆರೆ ಹೊಲಿದು ಹದಿಮೂರು ಮಾಡಿಕೊಟ್ಟೆ.
ಆ ಗೆರೆಗೆ ದುಡ್ಡು ತಗೊಳ್ಳಲಿಲ್ಲ.

ಟ್ಯೂಬ್‌ಲೈಟಿನ ಕೆಳಗೆ ರಾತ್ರಿಯ ಕಬಡ್ಡಿ,
ವಿಜಯಪುರ, ಕೈವಾರ, ಬಾಗೇಪಲ್ಲಿ.
ಗೆದ್ದರೆ ತಲೆಗೆ ನಲವತ್ತು ರೂಪಾಯಿ, ಮೊಟ್ಟೆ ಬಿರಿಯಾನಿ.
ಒಂದು ಸಲ ಸೋತಾಗಲೂ ಸಾಬರು ನಲವತ್ತು ಕೊಟ್ಟರು.
ಅವತ್ತೇ ಅದು ಆಟ ಹೋಗಿ ಕಸುಬಾದದ್ದು.
ಬರೆದುಕೊಳ್ಳಿ ಅಂದೆ,
ಬರೆದುಕೊಳ್ಳಲಿಲ್ಲ.

ಗೂಡಿನ ದರ ಬಿದ್ದ ವರ್ಷ
ಸಾಬರು ಮೊದಲು ಸ್ಕೂಟರ್ ಮಾರಿದರು,
ಆಮೇಲೆ ಬಾಯ್ಲರು, ಆಮೇಲೆ ತಂಡ.
ಕೊಂಡವರು ಚಿಂತಾಮಣಿಯ ಟೊಮೇಟೊ ಮಂಡಿ ಚೌಡರೆಡ್ಡಿ.
ಏಳು ಜನ, ಒಂದು ಸೀಟಿ, ಲಗೇಜ್ ಆಟೋದಲ್ಲಿ ಹೋದರು.
ಊರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೈಯಿತು:
ಕೊಟ್ಟ ಹೆಣ್ಣಾದರೂ ಹಬ್ಬಕ್ಕೆ ಬರುತ್ತಾಳೆ.
ಬಂದರು. ಎದುರಾಳಿಯಾಗಿ ಬಂದರು,
ಕೆಂಪು ಜೆರ್ಸಿ ತೊಟ್ಟು, ಎದೆ ಮೇಲೆ ಚಿರತೆ.
ಚಿರತೆ ನಾನೇ ಹೊಲಿದದ್ದು.
ಅತ್ತ ಊರಿನ ಹೊಸ ಹುಡುಗರ ಹಸಿರೂ ನನ್ನದೇ.
ಎರಡೂ ಕಡೆ ಬಾಕಿ ಇತ್ತು, ಯಾರ ಪರ ಕೂಗಲಿ?

ಕೊನೆಯ ರೇಡು.
ಬ್ಯಾಟಪ್ಪ ಇಬ್ಬರನ್ನು ಮುಟ್ಟಿ ಗೆರೆಯತ್ತ ಹಾರಿದ.
ಹಿಂದಿನಿಂದ ಯಾರದೋ ಮುಷ್ಟಿಗೆ
ಜೆರ್ಸಿಯ ಅಂಚು ಸಿಕ್ಕಿತು.
ಹರಿದರೆ ಗೆರೆ ಮುಟ್ಟುತ್ತಾನೆ,
ಹರಿ, ಹರಿ, ಅಂತ ನಾನು;
ಪಕ್ಕದವನು ದೇವರ ಹೆಸರು ಅಂದುಕೊಂಡು ಕೈ ಮುಗಿದ.
ಹರಿಯಲಿಲ್ಲ. ಜೋಡಿ ಹೊಲಿಗೆ.
ಅವನ ಮೇಲೆ ಐದು ಜನ ಬಿದ್ದರು.

ಮುಂದಿನ ವರ್ಷದ ಪುಟ ನೋಡಿ:
ಎಡ ಭುಜ, ಅರ್ಧ ಇಂಚು ಕೆಳಗೆ.

ಆಮೇಲಿನದು ಚಿಕ್ಕದು.
ಜಲ್ಲಿ ಕ್ರಷರಿನವರು ಕೊಂಡು ಚಿಕ್ಕಬಳ್ಳಾಪುರಕ್ಕೆ ಒಯ್ದರು,
ಇಂಗ್ಲಿಷ್ ಹೆಸರಿಟ್ಟರು.
ಹರಿಯಾಣದ ಹುಡುಗರ ಅಳತೆ ಫೋನಿನಲ್ಲಿ ಬಂತು,
ಯಾರು ಏನು ಗೊತ್ತಿಲ್ಲ, ಬರೀ ಎಲ್, ಡಬಲ್ ಎಕ್ಸೆಲ್.
ಈಗ ಅದೂ ಇಲ್ಲ, ತಿರುಪ್ಪೂರಿನಿಂದ ಬಂಡಲ್ ಇಳಿಯುತ್ತೆ.
ಬೆವರಿದರೂ ಮೈಗಂಟದ ಬಟ್ಟೆ.
ಒಳ್ಳೆಯ ಬಟ್ಟೆ, ಸುಳ್ಳು ಹೇಳಬಾರದು.

ಬಂದವರು ಫೋಟೋ ಇದೆಯಾ ಅಂದರು.
ಇಲ್ಲ ಅಂದೆ. ಟೀ ಕುಡಿದು ಹೋದರು.

ಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕುವ ಬ್ಯಾಟಪ್ಪ
ಯುಗಾದಿಗೊಂದು ಅಂಗಿ ಹೊಲಿಸುತ್ತಾನೆ.
ನಾನು ಟೇಪು ತೆಗೆಯುವುದಿಲ್ಲ,
ಎಡಗಡೆಯ ಅರ್ಧ ಇಂಚು ಕೈಗೆ ಗೊತ್ತು.
ಬಟ್ಟೆ ಮೇಜಿನ ಮೇಲಿಟ್ಟು ಪ್ರತಿ ಸಲ ಅದೇ ಮಾತು,
ನಗುತ್ತಾನೋ ಇಲ್ಲವೋ ಮೀಸೆಯಲ್ಲಿ ತಿಳಿಯದು:
"ಈ ಸಲವಾದರೂ ಒಂಟಿ ಹೊಲಿಗೆ ಹಾಕಿ ಮಾಸ್ಟರೇ."